ಕಾಲೂರದೆ ನಡೆಸುವ ವಿದ್ಯೆ

ನೆಲಕ್ಕೆ ಒಮ್ಮೆ ಕಾಲೂರಿದರೆ ಒಂದು ಅಂಕ, ಎರಡು ಸಲ ಊರಿದರೆ ಎರಡು, ಅದಕ್ಕೂ ಮಿಕ್ಕಿ ಎಷ್ಟು ಸಲ ಊರಿದರೂ ಮೂರು, ಗಾಡಿ ಉರುಳಿದರೆ ಅಥವಾ ಗುರುತುಮಾಡಿದ ಎಲ್ಲೆಯನ್ನು ಮೀರಿ ಹೊರಬಿದ್ದರೆ ಐದು. ಹೀಗೆ ಸೇರಿದ ಅಂಕಗಳೆಲ್ಲ ದಂಡವೆಂದೇ ಎಣಿಕೆಯಾಗಿ, ದಿನದ ಕೊನೆಗೆ ಯಾರ ಲೆಕ್ಕ ಶೂನ್ಯಕ್ಕೆ ಅತ್ಯಂತ ಸಮೀಪವಾಗಿರುವುದೋ ಅವನೇ ವಿಜಯಿ. ಮೋಟಾರ್ ಸೈಕಲ್ಲಿನ ಕ್ರೀಡೆಗಳಲ್ಲೆಲ್ಲ ಅತಿ ಮಂದಗತಿಯದೂ, ನನ್ನ ಮತದಲ್ಲಿ ಅತಿ ಸೂಕ್ಷ್ಮವಾದುದೂ ಆದ ಟ್ರಯಲ್ಸ್ ಸ್ಪರ್ಧೆಯ ನಿಯಮ ಮುಖ್ಯವಾಗಿ ಇಷ್ಟೇ. ಬಂಡೆ, ಕೊರಕಲು, ಕೆಸರು, ಮರದ ಬೇರು, ಹರಿಯುವ ಹಳ್ಳ ಇವುಗಳ ನಡುವೆ ಕೆಲವೇ ಗಜಗಳ ದಾರಿಯನ್ನು ಬಾವುಟ ನೆಟ್ಟು ಗೊತ್ತುಪಡಿಸಿರುತ್ತಾರೆ. ಸವಾರನು ಮೊದಲು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ, ಯಾವ ಕಲ್ಲು ಅಲುಗುತ್ತದೆ, ಯಾವ ಇಳುಕಲಿನಲ್ಲಿ ಗರಸು ಜಾರುತ್ತದೆ ಎಂಬುದನ್ನು ಮನಸ್ಸಿನಲ್ಲಿ ಬರೆದುಕೊಂಡು, ಅನಂತರ ಫುಟ್‌ರೆಸ್ಟಿನ ಮೇಲೆ ಎದ್ದುನಿಂತು ಒಳಹೋಗುತ್ತಾನೆ. ಪಕ್ಕದಲ್ಲಿ ನಿಂತ ವೀಕ್ಷಕನು ಅವನ ಪಾದಗಳ ಮೇಲೆಯೇ ದೃಷ್ಟಿಯಿಟ್ಟು ಲೆಕ್ಕ ಬರೆಯುತ್ತಾನೆ.

ಈ ವಿದ್ಯೆ ಬ್ರಿಟನ್ನಿನಲ್ಲಿ ಬೆಳೆದದ್ದು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಆರು ದಿನ ನಡೆಯುವ ಪ್ರಸಿದ್ಧ ಟ್ರಯಲ್ 1909ರಷ್ಟು ಹಿಂದಿನದು. ನಮಗೆ ನಿಕಟವಾದ ಸಂಗತಿಯೊಂದೂ ಇದರ ಚರಿತ್ರೆಯೊಳಗೆ ಅಡಗಿದೆ. ಇಂದು ನಮ್ಮ ಊರೂರಿನ ಹಾದಿಗಳಲ್ಲಿ ಗಂಭೀರವಾಗಿ ಸದ್ದುಮಾಡುತ್ತ ಸಂಚರಿಸುವ ಬುಲೆಟ್ಟು, ಹಿಂದಿನ ಗಾಲಿಗೂ ಸ್ಪ್ರಿಂಗಿನ ಆಸರೆ ಪಡೆದ ತನ್ನ ನೂತನ ರೂಪದಲ್ಲಿ ಮೊದಲು ಪರೀಕ್ಷೆಗೊಳಗಾದುದು 1948ರಲ್ಲಿ ಇಂಗ್ಲೆಂಡಿನ ಕೋಲ್ಮೋರ್ ಕಪ್ ಎಂಬ ಟ್ರಯಲ್ಸ್ ಸ್ಪರ್ಧೆಯಲ್ಲಿ. ಸ್ಪ್ರಿಂಗಿದ್ದರೆ ಹಿಂದಿನ ಗಾಲಿಗೆ ಹಿಡಿತ ತಪ್ಪೀತೆಂದು ಅನುಭವಿಗಳೇ ಶಂಕಿಸುತ್ತಿದ್ದ ಕಾಲದಲ್ಲಿ ಆ ಯಂತ್ರ ಬಂಡೆಗಳ ನಡುವೆ ತನ್ನ ಯೋಗ್ಯತೆಯನ್ನು ಸಾಧಿಸಿತು. ಜಾನಿ ಬ್ರಿಟನ್ ಎಂಬ ಸವಾರ ರಾಯಲ್ ಎನ್‌ಫೀಲ್ಡ್ ಮೇಲೆಯೇ 1952ರಲ್ಲಿಯೂ 1957ರಲ್ಲಿಯೂ ಸ್ಕಾಟ್ಲೆಂಡಿನ ಆ ಸ್ಪರ್ಧೆಯನ್ನು ಗೆದ್ದನು. ಮದ್ರಾಸಿನಲ್ಲಿ 1950ರ ದಶಕದ ನಡುವಿನಿಂದ ಬುಲೆಟ್ಟಿನ ನಿರ್ಮಾಣ ಮೊದಲಾಗಿ ಅದು ನಮ್ಮದಾದಾಗ, ಗಾಡಿ ಬಂದಿತೇ ಹೊರತು ಅದರೊಡನೆ ಬರಬೇಕಾಗಿದ್ದ ಕ್ರೀಡೆ ಬರಲಿಲ್ಲ. ಆಮೇಲೆ ಬ್ರಿಟನ್ನಿನಲ್ಲಿಯೂ ಭಾರವಾದ ಯಂತ್ರಗಳ ಯುಗ ಮುಗಿಯಿತು. ಸ್ಯಾಮಿ ಮಿಲ್ಲರ್ ಎಂಬ ಸವಾರ 1965ರಲ್ಲಿ ಹಗುರವಾದ ಸ್ಪೇನಿನ ಬುಲ್ಟಾಕೋ ಏರಿ ಸ್ಕಾಟ್ಲೆಂಡಿನ ಸ್ಪರ್ಧೆಯನ್ನು ಗೆದ್ದ ಮೇಲೆ ಎಲ್ಲರೂ ಆ ದಾರಿ ಹಿಡಿದರು. ವಿಶ್ವ ಚಾಂಪಿಯನ್‌ಷಿಪ್ 1975ರಲ್ಲಿ ಆರಂಭವಾಯಿತು. ಸ್ಪೇನಿನ ಟೋನಿ ಬೋ 2007ರಿಂದ 2024ರ ವರೆಗೆ ಒಂದು ವರ್ಷವನ್ನೂ ಬಿಡದೆ ಆ ಪದವಿಯನ್ನು ತನ್ನಲ್ಲಿಯೇ ಉಳಿಸಿಕೊಂಡಿರುವುದು ಯಾವ ಕ್ರೀಡೆಯಲ್ಲಿಯೂ ಅಪೂರ್ವವೆನ್ನತಕ್ಕ ಸಾಧನೆ.

ಕರ್ನಾಟಕಕ್ಕೆ ಮೋಟಾರ್ ಸೈಕಲ್ಲಿನ ಪರಂಪರೆ ಇಲ್ಲವೆನ್ನುವಂತಿಲ್ಲ. ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆರಂಭದಿಂದ 1996ರ ವರೆಗೆ ಜಾವಾ ಮತ್ತು ಯೆಜ್ಡಿಗಳು ತಯಾರಾದವು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರರಾದರು. ಅದೇ ನಗರದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಇವು ದೂರವನ್ನೂ ವೇಗವನ್ನೂ ಜಯಿಸಿದ ಸಾಧನೆಗಳು, ಮನಸಾರೆ ವಂದಿಸತಕ್ಕವು. ಆದರೆ ನಿಧಾನವನ್ನು ಜಯಿಸುವ ಈ ಇನ್ನೊಂದು ವಿದ್ಯೆ ನಮ್ಮಲ್ಲಿ ಬೇರೂರಿಲ್ಲವೆಂಬುದು ನನ್ನ ಖೇದ. ಏಕೆಂದರೆ ಇದಕ್ಕೆ ಬೇಕಾದ ನೆಲ ನಮ್ಮ ಬಾಗಿಲಲ್ಲಿಯೇ ಇದೆ.

ಬೆಳಗಾವಿ ಜಿಲ್ಲೆಯ ಅಲಖನೂರಿನಿಂದ ಯಾವ ದಿಕ್ಕಿಗೆ ಹೊರಟರೂ, ರಾಯಬಾಗ, ಅಥಣಿ, ಚಿಕ್ಕೋಡಿಗಳ ಸೀಮೆಯಲ್ಲಿ, ಕೃಷ್ಣೆಯ ನೀರು ಕಂಡ ಕಬ್ಬಿನ ಹೊಲಗಳು ಮುಗಿದಲ್ಲಿ ಮಳೆಯ ನೆರಳಿನ ಒಣನೆಲ ಮೊದಲಾಗುತ್ತದೆ. ಕರಿಕಲ್ಲು ಎದ್ದುನಿಂತ ಹಳ್ಳದ ದಂಡೆಗಳು, ಗರಸಿನ ದಿಬ್ಬಗಳು, ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಮೊಣಕಾಲುದ್ದದ ಗಾಲಿಜಾಡುಗಳು, ಮಳೆಗಾಲದಲ್ಲಿ ಹೆಜ್ಜೆಯನ್ನೇ ಹಿಡಿದುಕೊಳ್ಳುವ ಎರೆಮಣ್ಣು: ಇಷ್ಟು ಬಗೆಯ ನೆಲವನ್ನು ಪರದೇಶಗಳಲ್ಲಿ ಹಣ ವೆಚ್ಚಮಾಡಿ ಕೃತಕವಾಗಿ ಕಟ್ಟುವುದುಂಟು.

ಇನ್ನು ಯಂತ್ರದ ವಿಚಾರ. ಇಂದಿನ ನಿಜವಾದ ಟ್ರಯಲ್ಸ್ ಗಾಡಿಗೆ ಕುಳಿತುಕೊಳ್ಳುವ ಸೀಟೇ ಇರುವುದಿಲ್ಲ. ತೂಕ 70 ಕಿಲೋ ಆಸುಪಾಸು. ಅಂಥದು ನಮ್ಮ ಕೈಗೆಟುಕದ ವಸ್ತುವಾದುದರಿಂದ ಇರುವುದರಲ್ಲಿಯೇ ಆರಿಸಬೇಕು. ಹಳೆಯ ಬುಲೆಟ್ 350ರಲ್ಲಿ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90; ಈ ಉದ್ದನೆಯ ಸ್ಟ್ರೋಕು ಮತ್ತು ಭಾರವಾದ ಫ್ಲೈವ್ಹೀಲುಗಳ ಪುಣ್ಯದಿಂದ ಅದು ಮನುಷ್ಯನ ನಡಿಗೆಯ ವೇಗದಲ್ಲಿಯೂ ಬಂದಾಗದೆ ಎಳೆಯುತ್ತದೆ, ಆದರೆ 160 ಕಿಲೋಗೂ ಮಿಕ್ಕಿದ ಅದರ ದೇಹವನ್ನು ಬಂಡೆಯ ಮೇಲೆ ಬಾಗಿದಾಗ ತಡೆದು ನಿಲ್ಲಿಸುವುದು ಬಲಿಷ್ಠರಿಗೂ ಕಷ್ಟ. ಯಮಹಾ ಆರ್‌ಎಕ್ಸ್ 100 ಇದಕ್ಕೆ ವಿರುದ್ಧ: ತೂಕ 100 ಕಿಲೋ ಆಸುಪಾಸು, ಆದರೆ ಎಂಜಿನ್ನಿನ ಪ್ರಾಣವೆಲ್ಲ ಮೇಲಿನ ವೇಗದಲ್ಲಿದೆ. ಹೀಗಿದ್ದರೂ ಕಲಿಯುವವನಿಗೆ ನಾನು ಹಗುರವಾದುದನ್ನೇ ಹೇಳುತ್ತೇನೆ. ಎಳೆತದ ಕೊರತೆಯನ್ನು ಸ್ಪ್ರಾಕೆಟ್ಟಿನಿಂದ ತುಂಬಬಹುದು, ತೂಕವನ್ನು ಇಳಿಸುವ ಉಪಾಯವಿಲ್ಲ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆಮಾಡಿದರೆ ಹಿಂದಿನದರಲ್ಲಿ ಸುಮಾರು ಮೂರು ಹೆಚ್ಚಿಸಿದಷ್ಟು ಪರಿಣಾಮ. ಮೊದಲನೆಯ ಗೇರಿನಲ್ಲಿ, ಕ್ಲಚ್ಚು ಪೂರ್ತಿ ಬಿಟ್ಟಾಗ, ಗಾಡಿ ಮುದುಕನೊಡನೆ ಹೆಜ್ಜೆ ಹಾಕುವಂತಾಗಬೇಕು. ಸೈಲೆನ್ಸರ್ ಕಿತ್ತು ಅಬ್ಬರಿಸುವ ನಮ್ಮ ತರುಣರು ತಿಳಿಯಬೇಕಾದ ಮಾತೊಂದಿದೆ: ಟೂ-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರಿನ ಒಳಮಾಟವೇ ಉಸಿರಾಟದ ಅರ್ಧಭಾಗ, ಅದನ್ನು ಕೆಡಿಸಿದೊಡನೆ ಎಳೆತ ಸಾಯುತ್ತದೆ. ಸದ್ದು ಕೇಳಿ ಹೊಲದವರು ಬೈಯುವುದಂತೂ ನ್ಯಾಯವೇ.

ಎಲ್ಲಕ್ಕಿಂತ ಹೆಚ್ಚಿನ ಆರೈಕೆ ಸಲ್ಲಬೇಕಾದದ್ದು ಕ್ಲಚ್ಚಿಗೆ. ಬಂಡೆಯ ಬುಡದಲ್ಲಿ ಗಾಡಿಯನ್ನು ತಡೆದು ನಿಲ್ಲಿಸಿ, ಕ್ಷಣಮಾತ್ರದಲ್ಲಿ ಅಳತೆಯಿಟ್ಟು ಶಕ್ತಿಯನ್ನು ಗಾಲಿಗೆ ಕೊಡುವ ಕೆಲಸವೆಲ್ಲ ಎಡಗೈಯ ಒಂದು ಬೆರಳಿನದು. ಎಮ್ಮೆಯ ಕೆಚ್ಚಲಿಗೆ ಕೈಯಿಟ್ಟವನು ಒತ್ತಡವನ್ನು ಹೇಗೆ ಬೆರಳಿನಿಂದ ಬೆರಳಿಗೆ ಇಳಿಸುತ್ತಾನೆಯೋ ಹಾಗೆ ಲಿವರನ್ನು ಬಿಡುತ್ತ ಬರಬೇಕು. ಕೇಬಲ್ಲಿನೊಳಗೆ ಧೂಳು ಕುಳಿತಿದ್ದರೆ ಇದು ಸಾಧ್ಯವೇ ಇಲ್ಲ. ಆದುದರಿಂದ ಕೇಬಲ್ಲನ್ನು ಬಿಚ್ಚಿ ಲಂಬವಾಗಿ ತೂಗುಹಾಕಿ, ಮೇಲ್ತುದಿಗೆ ಪ್ಲ್ಯಾಸ್ಟಿಕ್ಕಿನ ಚಿಕ್ಕ ಆಲಿಕೆ ಕಟ್ಟಿ, ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಇಳಿಬಿಟ್ಟು, ಕೆಳತುದಿಯಿಂದ ಕಪ್ಪು ಕಳೆದು ಸ್ವಚ್ಛ ಎಣ್ಣೆ ತೊಟ್ಟಿಕ್ಕುವ ವರೆಗೆ ಕಾಯಬೇಕು. ರಾತ್ರಿಯಿಡೀ ಹಿಡಿಯುವ ಕೆಲಸ; ಆತುರಪಡುವವರು ಹೊಸ ಕೇಬಲ್ಲು ಹಾಕಿ ಹೋಗುತ್ತಾರೆ, ಅದೂ ಪೇಟೆಯಲ್ಲಿ ಸಿಗುವ ಅಗ್ಗದ್ದನ್ನು; ಅದರ ಎಳೆಗಳು ಎರಡು ತಿಂಗಳಲ್ಲಿ ಬಿಚ್ಚಿ ನಿಲ್ಲುತ್ತವೆ. ನನ್ನ ಗಾಡಿಯನ್ನು ನೋಡಿಕೊಳ್ಳುವ ಹಿರಿಯ ಮಿಸ್ತ್ರಿಯವರು ಮೊದಲ ದಿನವೇ ಹೇಳಿದ್ದರು: “ಗಾಡಿ ಓಡಸೂದು ಎಲ್ಲಾರಿಗೂ ಬರತೈತ್ರೀ, ತಡದ ತಡದ ನಡಸೂದು ಬರಾಂಗಿಲ್ಲ. ಅದು ಬರಬೇಕಂದ್ರ ಮದಲ ಕ್ಲಚ್ ನಿಮ್ಮ ಮಾತ ಕೇಳಬೇಕ್ರಿ.”

ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಸೀಮೆಯ ದಾರಿಗಳಲ್ಲಿ ಏಳುವ ಧೂಳು ಅತಿ ನವುರಾದದ್ದು. ಫೋಮಿನ ಏರ್ ಫಿಲ್ಟರನ್ನು ಪ್ರತಿ ಸವಾರಿಯ ಅನಂತರ ತೆಗೆಯದಿದ್ದರೆ ಅದು ಒಳನುಸುಳಿ ಪಿಸ್ಟನ್ ರಿಂಗುಗಳನ್ನು ಸವೆಸಿ, ವರ್ಷ ತುಂಬುವ ಮುನ್ನವೇ ಬೋರ್ ಮಾಡಿಸುವ ಪ್ರಸಂಗ ತರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡದೆ ಅದುಮಿ, ನೆರಳಲ್ಲಿ ಒಣಗಿಸಿ, ಎಣ್ಣೆಯಲ್ಲಿ ಅದ್ದಿ ಮತ್ತೆ ಅದುಮಿ, ಕೂರುವ ಅಂಚಿಗೆ ಗ್ರೀಸು ಸವರಿ ಹಾಕಬೇಕು. ಎರೆಮಣ್ಣಿನ ಕಾಲದಲ್ಲಿ ಮುಂದಿನ ಮಡ್‌ಗಾರ್ಡು ಗಾಲಿಯಿಂದ ನಾಲ್ಕು ಬೆರಳು ಮೇಲಿರದಿದ್ದರೆ ಮಣ್ಣು ತುಂಬಿ ಗಾಲಿಯೇ ತಿರುಗಲಾರದು. ಮನೆಗೆ ಬಂದೊಡನೆ, ಮಣ್ಣು ಕಲ್ಲಾಗುವ ಮೊದಲೇ, ಮೆಲ್ಲನೆ ನೀರು ಬಿಟ್ಟು ತೊಳೆಯತಕ್ಕದ್ದು. ಸರ್ವಿಸ್ ಸ್ಟೇಷನ್ನಿನ ಜೋರಾದ ನೀರನ್ನು ಗಾಲಿಯ ಬೇರಿಂಗಿನ ಕಡೆಗೆ ತಿರುಗಿಸಿದರೆ ಗ್ರೀಸು ಹೋಗಿ ತುಕ್ಕು ಬಂದಿತೆಂದೇ ತಿಳಿಯಬೇಕು. ತೊಳೆದಾದ ಮೇಲೆ ಸ್ಪೋಕುಗಳನ್ನು ಚಿಕ್ಕ ಪಾನಾದಿಂದ ಒಂದೊಂದಾಗಿ ತಟ್ಟುತ್ತ ಬಂದರೆ, ಬಿಗಿಯಾದದ್ದು ಕಿಣಿಕ್ಕನೆ ಉಲಿಯುತ್ತದೆ, ಸಡಿಲಾದದ್ದು ಮಂಕಾಗಿ ಸದ್ದುಮಾಡುತ್ತದೆ.

ಟಯರಿನ ಗಾಳಿಯ ವಿಷಯದಲ್ಲಿ ನಮ್ಮವರು ನಂಬುವುದೇ ಇಲ್ಲ. ಟ್ರಯಲ್ಸ್ ಯಂತ್ರದ ಹಿಂದಿನ ಟಯರಿನಲ್ಲಿ ಇರುವುದು ಬಹುಮಾಡಿ ನಾಲ್ಕೈದು ಪೌಂಡು ಗಾಳಿ ಮಾತ್ರ. ಮೆತ್ತಗಾದ ರಬ್ಬರು ಕಲ್ಲಿನ ಉಬ್ಬುತಗ್ಗುಗಳನ್ನು ಅಪ್ಪಿ ಹಿಡಿಯುತ್ತದೆ. ಟ್ಯೂಬು ಇರುವ ನಮ್ಮ ಗಾಡಿಗಳಲ್ಲಿ ಹತ್ತು ಹನ್ನೆರಡರ ಕೆಳಗೆ ಇಳಿಯುವುದು ಕ್ಷೇಮವಲ್ಲ. ರಿಮ್ ಲಾಕ್ ಇಲ್ಲದಿದ್ದರೆ ಟಯರು ರಿಮ್ಮಿನ ಮೇಲೆ ಜರುಗಿ ವಾಲ್ವ್ ಹರಿಯುತ್ತದೆ. ಡಾಂಬರು ರಸ್ತೆಗೆ ಮರಳುವ ಮುನ್ನ ಪಂಪು ಹೊಡೆದು ಗಾಳಿ ತುಂಬಿಕೊಳ್ಳುವುದನ್ನು ಮರೆಯಕೂಡದು.

ಕಳೆದ ಚಳಿಗಾಲದಲ್ಲಿ, ಬತ್ತಿದ ಹಳ್ಳವೊಂದರಲ್ಲಿ ಆರ್‌ಎಕ್ಸ್ ಏರಿದ ತರುಣನೊಬ್ಬ ದಂಡೆ ಹತ್ತುವುದನ್ನು ನೋಡಿದೆ. ಎದೆಯೆತ್ತರದ ಏರು, ಅದರ ನಡುವೆ ಹೊರಚಾಚಿದ ಒಂದು ಕರಿಕಲ್ಲು. ಹಿಂದಿನ ಸವಾರರೆಲ್ಲ ದೂರದಿಂದ ವೇಗವಾಗಿ ಬಂದು ಕಲ್ಲಿಗೆ ಬಡಿದು ಪಕ್ಕಕ್ಕೆ ಉರುಳಿದ್ದರು. ಇವನು ಏರಿನ ಬುಡದಲ್ಲಿ ಗಾಡಿಯನ್ನು ಬಹುಮಟ್ಟಿಗೆ ನಿಲ್ಲಿಸಿಯೇ ಬಿಟ್ಟನು. ಮೊಣಕಾಲು ಬಾಗಿತು, ಮುಂದಿನ ಫೋರ್ಕು ತಗ್ಗಿ ಮೇಲೆದ್ದ ಆ ಗಳಿಗೆಯಲ್ಲಿ ಕ್ಲಚ್ಚು ಬಿಟ್ಟು ಮುಂಗಾಲಿಯನ್ನು ಕಲ್ಲಿನ ಮೇಲಿಟ್ಟನು. ಅನಂತರ ಆಕ್ಸಿಲರೇಟರನ್ನು ಹೆಚ್ಚಿಸುವ ಬದಲು ತಗ್ಗಿಸಿ, ಮೈಯನ್ನು ಮುಂದಕ್ಕೆ ತಂದುದರಿಂದ ಹಗುರವಾದ ಹಿಂಗಾಲಿ ಒಂದು ಸಣ್ಣ ಹರಳನ್ನೂ ಚಿಮ್ಮಿಸದೆ ಕಲ್ಲನ್ನೇರಿ ಬಂದಿತು. ಗಾಲಿ ಸುಮ್ಮನೆ ತಿರುಗಿದರೆ ಹಿಡಿತ ಹೋಯಿತು. ಶಕ್ತಿಯನ್ನು ಕೊಡುವುದಕ್ಕಿಂತ ಕೊಡದಿರುವುದೇ ಇಲ್ಲಿ ಹೆಚ್ಚಿನ ಅಭ್ಯಾಸವನ್ನು ಬೇಡುತ್ತದೆ.

ಈ ಅಭ್ಯಾಸದ ಬೀಜ ನಮ್ಮ ಜನರಲ್ಲಿ ಇಲ್ಲದಿಲ್ಲ. ನಮ್ಮ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವುದು, ಜೋಡೆತ್ತಿನ ಗಾಡಿ ಓಡಿಸುವುದು ಇವುಗಳೊಡನೆ ನಿಧಾನ ಸೈಕಲ್ ಸ್ಪರ್ಧೆ, ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಮ್ಮುಖವಾಗಿ ನಡೆಸುವ ಸ್ಪರ್ಧೆಗಳೂ ನಡೆಯುತ್ತವೆ. ಕೊನೆಯವನಾಗಿ ಬಂದವನನ್ನು, ಕಾಲೂರದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ರಸಿಕತೆ ನಮ್ಮವರಿಗೆ ಹುಟ್ಟಿನಿಂದಲೇ ಇದೆ. ಹಳ್ಳದ ದಂಡೆಯಲ್ಲಿ ಆರು ಜಾಗ ಗೊತ್ತುಮಾಡಿ, ಹೊಲದವರ ಒಪ್ಪಿಗೆ ಪಡೆದು, ಒಡ್ಡುಗಳಿಗೆ ಹಾನಿಯಾಗದಂತೆ ಹಗ್ಗ ಕಟ್ಟಿ, ಹೆಲ್ಮೆಟ್ ಇಲ್ಲದವರನ್ನು ಒಳಬಿಡದೆ, ಶಾಲೆಯ ಪಿ. ಟಿ. ಮಾಸ್ತರರ ಕೈಗೆ ಅಂಕದ ಹಾಳೆ ಕೊಟ್ಟರೆ ಸ್ಪರ್ಧೆ ಸಿದ್ಧವಾಯಿತು. ಇದಕ್ಕೆ ಬೇಕಾಗುವ ಖರ್ಚು ಒಂದು ಕಬಡ್ಡಿ ಪಂದ್ಯಾವಳಿಗಿಂತ ಹೆಚ್ಚಾಗದು. ಬರುವ ವರ್ಷದ ಕಾರ್ಯಕ್ರಮ ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುನ್ನ ಈ ಮೂರು ತಾಲೂಕುಗಳ ಜಾತ್ರಾ ಕಮೀಟಿಯವರು ಇದೊಂದು ಸ್ಪರ್ಧೆಯನ್ನು ಅದರೊಳಗೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.