ರಿಚರ್ಡ್ ಈಟನ್ ಅವರ ಇತಿಹಾಸ ಬರಹ: ಬೀಸುಕಲ್ಲಿನ ಸಾಕ್ಷ್ಯ

ಭಾರತದಲ್ಲಿ ಇಸ್ಲಾಮಿನ ಹರಹನ್ನು ಕುರಿತ ಚರ್ಚೆಯಲ್ಲಿ ಬಹುಕಾಲ ಎರಡು ಉತ್ತರಗಳೇ ಹೆಚ್ಚಾಗಿ ಚಲಾವಣೆಯಲ್ಲಿದ್ದವು: ಒಂದು ಖಡ್ಗ, ಇನ್ನೊಂದು ಸೂಫಿಗಳ ಸಮತಾಬೋಧೆ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ರಿಚರ್ಡ್ ಎಂ. ಈಟನ್ ಅವರ ಹೆಚ್ಚುಗಾರಿಕೆಯಿರುವುದು ಈ ಎರಡನ್ನೂ ಆಕರಗಳ ಒರೆಗೆ ಹಚ್ಚಿದುದರಲ್ಲಿ.

‘ಸೂಫೀಸ್ ಆಫ್ ಬಿಜಾಪುರ್’ (೧೯೭೮) ಗ್ರಂಥವು ಸೂಫಿಗಳನ್ನು ಒಂದೇ ಅಚ್ಚಿನಲ್ಲಿ ಎರೆಯುವುದಿಲ್ಲ. ಯೋಧರು, ಸುಧಾರಕರು, ಸಾಹಿತಿಗಳು, ಇನಾಮುದಾರರು, ದರ್ವೇಶಿಗಳು ಎಂದು ಅವರ ಸಾಮಾಜಿಕ ಪಾತ್ರಗಳನ್ನು ಬೇರ್ಪಡಿಸುತ್ತದೆ. ದಖನಿಯ ‘ಚಕ್ಕಿನಾಮಾ’ಗಳಲ್ಲಿ ಬೀಸುಕಲ್ಲಿನ ಹಿಡಿ ಅಲ್ಲಾಹನಿಗೂ ನಡುಗೂಟ ಪ್ರವಾದಿಗೂ ಸಂಕೇತವಾಗುತ್ತವೆ. ಇಂತಹ ಹಾಡುಗಳ ಮೂಲಕ ಹೆಂಗಸರು ಸೂಫಿ ಭಾವನೆಗಳನ್ನು ಮನೆಯೊಳಕ್ಕೆ ತಂದರೆಂಬುದು ಈಟನ್ ಅವರ ವಾದ. ‘ದಿ ರೈಸ್ ಆಫ್ ಇಸ್ಲಾಂ ಅಂಡ್ ದಿ ಬೆಂಗಾಲ್ ಫ್ರಾಂಟಿಯರ್’ (೧೯೯೩) ಕೃತಿಯಲ್ಲಿ ಬೀಸುಕಲ್ಲಿನ ಸ್ಥಾನಕ್ಕೆ ನೇಗಿಲು ಬರುತ್ತದೆ. ಗಂಗೆಯ ಹರಿವು ಪೂರ್ವಕ್ಕೆ ಸರಿದುದು, ಮೊಗಲರ ಭೂದಾನಗಳು, ಕಾಡು ಕಡಿದು ಭತ್ತ ಬೆಳೆದವರ ನಡುವೆ ಎದ್ದ ಮಸೀದಿಗಳು—ಇವುಗಳ ಜೊತೆಯಲ್ಲಿ ಅಲ್ಲಿ ಧರ್ಮವೂ ನಿಧಾನವಾಗಿ ಬೇರೂರಿತು. ನಂಬಿಕೆಯ ಚರಿತ್ರೆಯನ್ನು ದುಡಿಮೆಯ ಚರಿತ್ರೆಯಿಂದ ಬೇರ್ಪಡಿಸಲಾಗದೆಂಬುದೇ ಈ ಎರಡು ಕೃತಿಗಳ ತಿರುಳು.

ಆದರೆ ಬಿಜಾಪುರದ ವಾದದಲ್ಲಿ ಒಂದು ತೊಡಕಿದೆ. ಹಾಡನ್ನು ಸೂಫಿಗಳು ರಚಿಸಿದರೆಂಬುದಕ್ಕೆ ಹಸ್ತಪ್ರತಿಯ ಆಧಾರವುಂಟು. ಹಳ್ಳಿಯ ಹೆಂಗಸರು ಅದನ್ನು ಹಾಡಿದರೆಂಬುದು ಊಹೆ. ಆ ಸೀಮೆಯ ಹಳ್ಳಿಗಳ ಬಹುಪಾಲು ಮನೆಮಾತು ಕನ್ನಡ, ಮರಾಠಿಗಳು. ಈಟನ್ ಅವರ ಮುಖ್ಯ ಆಕರಗಳಾದರೋ ಪಾರಸಿ ಮತ್ತು ದಖನಿ. ಹೀಗಿರುವಾಗ ದಖನಿಯ ಹಾಡು ಕನ್ನಡದ ಅಡುಗೆಮನೆಯನ್ನು ಹೊಕ್ಕದ್ದು ಹೇಗೆ? ಅದೇ ಜಿಲ್ಲೆಯ ಹಲಸಂಗಿ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಬೀಸುವ ಹೆಂಗಸರ ತ್ರಿಪದಿಗಳಿಂದ ತುಂಬಿದೆ. ಇಪ್ಪತ್ತನೆಯ ಶತಮಾನದ ಈ ಸಂಗ್ರಹವನ್ನು ಹದಿನೇಳನೆಯ ಶತಮಾನದ ನೇರ ಸಾಕ್ಷ್ಯವೆನ್ನಲಾಗದು. ಆದರೂ ಧಾಟಿ, ಪ್ರತೀಕ, ಸಂಬೋಧನೆಗಳನ್ನು ಚಕ್ಕಿನಾಮಾಗಳೊಡನೆ ಹೋಲಿಸದೆ ಈಟನ್ ಅವರ ವಾದವನ್ನು ಒಪ್ಪುವುದೂ ತಳ್ಳಿಹಾಕುವುದೂ ಅವಸರದ ನಿರ್ಣಯವಾದೀತು.

ಈ ಹೋಲಿಕೆಗೆ ಹೊರನಾಡಿನ ಕನ್ನಡ ಸಂಶೋಧಕರು ಹೆಚ್ಚು ಅರ್ಹರು. ದಖನಿ ಹಸ್ತಪ್ರತಿಗಳ ದೊಡ್ಡ ಭಂಡಾರಗಳಲ್ಲೊಂದು ಹೈದರಾಬಾದಿನ ಸಾಲಾರ್ ಜಂಗ್ ಗ್ರಂಥಾಲಯದಲ್ಲಿದೆ. ತ್ರಿಪದಿಯ ಕಿವಿ ನಮ್ಮಲ್ಲಿದೆ. ಈಟನ್ ಎತ್ತಿದ ಪ್ರಶ್ನೆಗೆ ಕನ್ನಡದ ಉತ್ತರ ಇನ್ನೂ ಪೂರ್ಣವಾಗಿ ದೊರೆತಿಲ್ಲ.