ಉಚ್ಚಾರಣೆ, ಕಾಗುಣಿತ ಮತ್ತು ಭಾವೀ ಭಾಷಾಶಿಕ್ಷಕ

ಹೈದರಾಬಾದಿನ ಲಿಂಗಂಪಲ್ಲಿಯ ಹೆಸರು ರೋಮನ್ ಬರಹದಲ್ಲಿ ಒಮ್ಮೆ ‘ಐ’ ಅಕ್ಷರದಿಂದ, ಒಮ್ಮೆ ‘ವೈ’ಯಿಂದ ಮುಗಿಯುತ್ತದೆ. ಜೋಡಿ ‘ಎಲ್’ ಕಂಡ ಕನ್ನಡಿಗನು ತನ್ನ ‘ಹಳ್ಳಿ’ಯನ್ನು ನೆನೆದು ‘ಪಳ್ಳಿ’ ಎಂದಾನು, ತೆಲುಗರದು ‘ಪಲ್ಲಿ’. ಭಾಷಾಶಿಕ್ಷಕರ ತರಬೇತಿಗೆ ಇಂತಹ ಹೆಸರುಗಳೇ ಒಳ್ಳೆಯ ಮೊದಲ ಪಾಠವೆಂದು ನಾವು ಭಾವಿಸುತ್ತೇವೆ.

ಇದೇ ನಗರದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್.ಕೆ. ಬನ್ಸಲ್ ಅವರು ಜೆ.ಬಿ. ಹ್ಯಾರಿಸನ್ ಅವರೊಡನೆ ರಚಿಸಿದ ‘ಸ್ಪೋಕನ್ ಇಂಗ್ಲಿಷ್ ಫಾರ್ ಇಂಡಿಯಾ’ (1972) ಅನೇಕ ಅಧ್ಯಾಪಕರನ್ನು ತಿದ್ದಿದೆ. ಭಾರತೀಯರ ಇಂಗ್ಲಿಷನ್ನು ಗೇಲಿಮಾಡದೆ ಶಾಸ್ತ್ರದ ವಸ್ತುವಾಗಿ ಕಂಡುದು ಅದರ ಹಿರಿಮೆ. ಆದರೆ ಬನ್ಸಲ್ ಅವರ 1969ರ ಅಧ್ಯಯನ ಮುಖ್ಯವಾಗಿ ಬ್ರಿಟಿಷ್ ಕೇಳುಗರ ಕಿವಿಯನ್ನೇ ಅಳತೆಗೋಲಾಗಿಸಿತ್ತು. ಕನ್ನಡ ಶಾಲೆಯ ಮಗುವಾದರೋ ಇಂಗ್ಲಿಷನ್ನು ಬಹುಮಟ್ಟಿಗೆ ಅಚ್ಚಿನ ಅಕ್ಷರಗಳಿಂದಲೇ ಅರಿಯುತ್ತದೆ. ಬರೆದುದನ್ನೆಲ್ಲ ಓದಬೇಕೆಂಬ ರೂಢಿಯ ಅದು ‘ವಾಕ್ಟ್’ ಎನ್ನಬೇಕಾದಲ್ಲಿ ‘ವಾಕೆಡ್’ ಎನ್ನುತ್ತದೆ. ‘ಲಿಸನ್’ ಪದದ ಮೂಕ ‘ಟಿ’ಯನ್ನೂ ನುಡಿಸುತ್ತದೆ.

‘ಎಗ್’ ಎಂಬುದು ‘ಯೆಗ್’ ಆಗಲು ಕಾರಣ ಬೇರೆ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುವವರು ನಾವು, ತೆಲುಗರೂ ಹಾಗೆಯೇ. (ಬರೆದಂತೆ ನುಡಿಯುತ್ತೇವೆಂಬ ನಮ್ಮ ಹೆಮ್ಮೆ ಇಲ್ಲಿ ಸ್ವಲ್ಪ ಕುಗ್ಗಬೇಕು.) ಕೇಳಿಸಿ ಪುನರುಚ್ಚರಿಸುವ ಅಭ್ಯಾಸದಿಂದ ಈ ಎರಡನೆಯ ದೋಷ ತಿದ್ದೀತು. ಮೊದಲನೆಯದಕ್ಕೆ ಕಾಗುಣಿತದ ನಿಯಮವನ್ನೇ ಬಿಡಿಸಿ ಹೇಳಬೇಕು. ಇಡೀ ಭಾರತಕ್ಕೆಂದು ಬರೆದ, ಧ್ವನಿಯಿಂದ ಹೊರಡುವ ಕೈಪಿಡಿ ಕನ್ನಡ ಶಿಕ್ಷಕನಿಗೆ ಈ ವಿವೇಚನೆಯನ್ನು ಪೂರ್ತಿಯಾಗಿ ಒದಗಿಸಲಾರದು. 2007-08ರಿಂದ ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಶಿಕ್ಷಕನ ಕೊರತೆ ಈಗ ಆರು ವರ್ಷದ ನಾಲಗೆಗೇ ಇಳಿಯುತ್ತದೆ.