‘ಇತರೆ’ ಬಾಬ್ತು

ಮನೆಖರ್ಚಿನ ಲೆಕ್ಕದ ಪುಸ್ತಕವನ್ನು ಯಾರೂ ವಿಮರ್ಶೆ ಮಾಡಿದ್ದನ್ನು ನಾನು ನೋಡಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹೆಂಗಸರು ದಿನವೂ ಬರೆದದ್ದು ಏನಾದರೂ ಇದ್ದರೆ ಅದು ಇದೇ. ಹಾಲಿನ ಲೆಕ್ಕ ಕ್ಯಾಲೆಂಡರಿನ ಚೌಕದಲ್ಲಿ, ದಿನಸಿಯದು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ, ಕೈಗಡದ್ದು ಡೈರಿಯ ಕೊನೆಯ ಪುಟದಲ್ಲಿ. ಈಗ ‘ನಾನೇ ಬರೆದುಕೊಡುತ್ತೇನೆ’ ಎಂದು ಮೊಬೈಲು ಬಂದಿದೆ. ಅದಕ್ಕೆ ಎದುರಾಗಿ, ಕೈಯಲ್ಲೇ ಬರೆಯಬೇಕು ಎನ್ನುವವರು ಜಪಾನಿನ ‘ಕಕೇಬೊ’ವನ್ನು, ಅಂದರೆ ಮನೆಲೆಕ್ಕದ ಪುಸ್ತಕವನ್ನು, ಹೊಗಳುತ್ತಿದ್ದಾರೆ. ಎರಡನ್ನೂ ಒರೆಗೆ ಹಚ್ಚಿ ನೋಡೋಣ.

2016ರಲ್ಲಿ ಯುಪಿಐ ಬಂದ ಮೇಲೆ ಸೊಪ್ಪಿನ ಗಾಡಿಗೂ ಕಪ್ಪು-ಬಿಳುಪು ಚೌಕದ ಚೀಟಿ ಅಂಟಿಕೊಂಡಿತು. ಯಾರಿಗೆ, ಎಷ್ಟು, ಎಷ್ಟು ಗಂಟೆಗೆ ಕೊಟ್ಟೆವು ಎಂಬುದು ತಪ್ಪಿಲ್ಲದೆ ದಾಖಲಾಗುತ್ತದೆ. ಯಾತಕ್ಕೆ ಎಂಬುದೊಂದೇ ಇಲ್ಲ. ಅಂಗಡಿಯವರ ಹೆಸರಿನ ಮುಂದೆ 340 ರೂಪಾಯಿ ಇರುತ್ತದೆ. ಅದರಲ್ಲಿ ಎಣ್ಣೆಗೆಷ್ಟು, ಮಕ್ಕಳ ಚಾಕೊಲೇಟಿಗೆಷ್ಟು ಎಂದು ಮೊಬೈಲಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಅದು ‘ಇತರೆ’ ಎಂಬ ಬಾಬ್ತಿಗೆ ತಳ್ಳುತ್ತದೆ. ಟಿಪ್ಪಣಿ ಬರೆಯಲು ಜಾಗವೇನೋ ಇದೆ. ಹಿಂದೆ ನಿಂತವರು ಗಡಿಬಿಡಿ ಮಾಡುವಾಗ ಬರೆಯುವವರು ಯಾರು? ಇನ್ನು ಹೂವಿನವಳಿಗೆ, ಆರತಿ ತಟ್ಟೆಗೆ ನಗದಾಗಿ ಕೊಟ್ಟದ್ದು ಅದರ ಕಣ್ಣಿಗೇ ಬೀಳದು.

ಹಾಗಾದರೆ ಪೆನ್ನೇ ಮೇಲು ಎನ್ನಬಹುದೆ? ಅಷ್ಟು ಸುಲಭವಲ್ಲ.

ಕಕೇಬೊವನ್ನು 1904ರಲ್ಲಿ ಅಚ್ಚು ಹಾಕಿಸಿದಾಕೆ ಹನಿ ಮೊಟೊಕೊ. ಜಪಾನಿನ ಮೊದಲ ಪತ್ರಕರ್ತೆಯರಲ್ಲಿ ಒಬ್ಬರು, ಮುಂದೆ 1921ರಲ್ಲಿ ಟೋಕಿಯೊದಲ್ಲಿ ಶಾಲೆಯನ್ನೂ ತೆರೆದವರು. ‘ಹನಿ’ ಅವರ ಮನೆತನದ ಹೆಸರು. ಹನಿಹನಿಗೂಡಿದರೆ ಹಳ್ಳ ಎನ್ನುವ ನಮಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕದು. ಆಕೆಯ ಪುಸ್ತಕದ ಹೆಚ್ಚುಗಾರಿಕೆ ಕೈಬರಹವಲ್ಲ; ಆಗ ಎಲ್ಲರದೂ ಕೈಬರಹವೇ. ಖರ್ಚಾಗುವ ಮೊದಲೇ ಯಾವ ಬಾಬ್ತಿಗೆ ಎಷ್ಟು ಎಂದು ಮನೆಯಾಕೆ ತಾನೇ ಗೊತ್ತುಮಾಡಿ, ಆಮೇಲೆ ದಿನದ ಖರ್ಚನ್ನು ಅದರ ಎದುರಿಗಿಟ್ಟು ನೋಡಬೇಕು ಎಂಬುದು ಹೆಚ್ಚುಗಾರಿಕೆ. ಇವತ್ತಿಗೂ ಅಚ್ಚಾಗುವ ಆ ಪುಸ್ತಕದಲ್ಲಿ ಊಟ, ಬಟ್ಟೆ, ಮಕ್ಕಳ ಓದಿನ ಜೊತೆಗೆ ಮನಸ್ಸಿನ ಬೆಳವಣಿಗೆಗೂ ಒಂದು ಬಾಬ್ತಿದೆ. 2017ರಲ್ಲಿ ಫುಮಿಕೊ ಚಿಬಾ ಅವರ ಇಂಗ್ಲಿಷ್ ಪುಸ್ತಕ ಬಂದ ಮೇಲೆ, ನಿಧಾನವಾಗಿ ಬರೆದರೆ ಮನಸ್ಸು ಹತೋಟಿಗೆ ಬರುತ್ತದೆ, ಹಣ ಉಳಿಯುತ್ತದೆ ಎಂಬ ಮಾತೇ ದೊಡ್ಡದಾಯಿತು. ಸುಳ್ಳಲ್ಲ, ಆದರೆ ಅರ್ಧ ಮಾತು.

ಯಾಕೆಂದರೆ ನಮ್ಮಲ್ಲೂ ಕೈಯಲ್ಲೇ ಬರೆದೆವಲ್ಲ! ನಮ್ಮ ಭಾಷೆಯಲ್ಲಿ ಲೆಕ್ಕವನ್ನು ಬರೆಯುವುದು ಮಾತ್ರವಲ್ಲ, ‘ಒಪ್ಪಿಸುವುದು’ ಎಂದೂ ಇದೆ. ಗಂಡ ಕೊಟ್ಟ ಹಣಕ್ಕೆ, ಅತ್ತೆಯ ಕಣ್ಣಿಗೆ, ಖರ್ಚಾದ ಮೇಲೆ ಒಪ್ಪಿಸುವ ಲೆಕ್ಕ ಅದು. ಬೇರೆಯವರ ಕಣ್ಣಿಗಾಗಿ ಬರೆಯುವಾಕೆ ಬಚ್ಚಿಡುವುದನ್ನೂ ಕಲಿಯುತ್ತಾಳೆ. ಬದನೆಕಾಯಿಗೆ ಎರಡು ರೂಪಾಯಿ ಹೆಚ್ಚು ಬೀಳುತ್ತದೆ, ತವರಿನ ತಂಗಿಗೆ ಕೊಟ್ಟ ಸೀರೆ ‘ಇತರೆ’ಗೆ ಸೇರುತ್ತದೆ, ಮಿಕ್ಕಿದ್ದು ಸಾಸಿವೆ ಡಬ್ಬಿಗೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಎಷ್ಟೋ ಡಬ್ಬಿಗಳ ಹಣ ಮೊದಲ ಬಾರಿಗೆ ಗಂಡಸರ ಕಣ್ಣಿಗೆ ಬಿತ್ತು. ಯಾವ ಲೆಕ್ಕದ ಪುಸ್ತಕದಲ್ಲೂ ಅದು ಇರಲಿಲ್ಲ.

ಮೊಬೈಲು ಆ ‘ಇತರೆ’ಯ ಮರೆಯನ್ನೂ ತೆಗೆದುಬಿಟ್ಟಿದೆ. ನನ್ನ ಸಹೋದ್ಯೋಗಿಯೊಬ್ಬರ ಸಂಬಳದ ಖಾತೆಗೆ ಕೊಟ್ಟಿರುವುದು ಯಜಮಾನರ ಫೋನ್ ನಂಬರು. ಇವರು ಔಷಧಿ ಅಂಗಡಿಯಲ್ಲಿ ಹಣ ಕೊಟ್ಟ ಕೂಡಲೇ ಅಲ್ಲಿ ಗಂಟೆ ಬಾರಿಸುತ್ತದೆ. ರಾತ್ರಿ ಊಟಕ್ಕೆ ಕುಳಿತಾಗ ‘ಇದೇನು 620?’ ಎಂಬ ಪ್ರಶ್ನೆ. ಅವರು ಕೆಟ್ಟವರಲ್ಲ, ಬರೀ ಕೇಳುತ್ತಾರೆ. ಆದರೂ ತನ್ನ ತಾಯಿಯ ಔಷಧಿಗೆ, ತಾನೇ ದುಡಿದ ಹಣಕ್ಕೆ, ತಿಂಗಳಿಗೆ ನಾಲ್ಕು ಸಲ ಕಾರಣ ಹೇಳಬೇಕು. ಬೇಸತ್ತು ಸಂಬಳವಾದ ದಿನವೇ ಎಟಿಎಂನಿಂದ ನಗದು ತೆಗೆದಿಟ್ಟುಕೊಳ್ಳತೊಡಗಿದರು. ಕೈಬರಹ ಒಳ್ಳೆಯದೆಂದು ಬೋಧಿಸುವ ಪುಸ್ತಕಗಳು ಈ ನಗದನ್ನು ಸ್ವಯಂಶಿಸ್ತು ಎನ್ನುತ್ತವೆ. ನನಗೆ ಅದು ಹೊಸ ಸಾಸಿವೆ ಡಬ್ಬಿಯಂತೆ ಕಂಡಿತು.

ಅವರಿಗೆ ಹನಿಯವರ ಪುಸ್ತಕದ ವಿಷಯ ಹೇಳಿದೆ. ಬ್ಯಾಂಕಿಗೆ ಹೋಗಿ ಖಾತೆಗೆ ತಮ್ಮ ನಂಬರು ಹಾಕಿಸಿಕೊಂಡರು. ಅದಕ್ಕೂ ಮನೆಯಲ್ಲಿ ಎರಡು ದಿನ ಮಾತಾಯಿತಂತೆ. ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ತಂದು ಮೊದಲ ಬಾಬ್ತು ‘ಅಮ್ಮನ ಔಷಧಿ’, 1,500 ರೂಪಾಯಿ ಎಂದು ಬರೆದರು. ಹಾಲು, ಗ್ಯಾಸು, ಕರೆಂಟು ಅದರ ಕೆಳಗೆ. ಪುಸ್ತಕ ಊಟದ ಮೇಜಿನ ಮೇಲೇ ಇರುತ್ತದೆ. ಮೊದಲ ತಿಂಗಳು ಆ ಬಾಬ್ತಿನಲ್ಲಿ 240 ರೂಪಾಯಿ ಶಿಲ್ಕು ಉಳಿಯಿತು. ಇದನ್ನು ‘ಇತರೆ’ಗೆ ಹಾಕಲೇ ಎಂದು ನನ್ನನ್ನು ಕೇಳಿದರು. ನಿಮ್ಮ ಹೆಸರು ಬರೆದು ಹಾಕಿ ಎಂದೆ. ನಕ್ಕರು, ಹಾಕಿದರೋ ಇಲ್ಲವೋ, ನಾನು ತೆಗೆದು ನೋಡಿಲ್ಲ.